ಹೇಳಿದವರಿದ್ದರು, ನಿಲ್ಲಿಸಬಲ್ಲವರಿರಲಿಲ್ಲ

2010ರ ಮೇ 22ರ ಮುಂಜಾನೆ ದುಬೈಯಿಂದ ಮಂಗಳೂರಿನ ಬಜ್ಪೆಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಮಂದಿ ಇದ್ದರು. ಬದುಕಿ ಬಂದವರು ಎಂಟೇ ಜನ. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಅದರ ಆಚೆಯ ಕಮರಿ, ಬೆಂಕಿ, ಇವೆಲ್ಲ ಕರಾವಳಿಯ ನೆನಪಿನಲ್ಲಿ ಇನ್ನೂ ಹಸಿಯಾಗಿವೆ. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ತಂಡ ಕಂಡುಕೊಂಡ ಕಾರಣ ಮಾತ್ರ ಜನರ ಬಾಯಲ್ಲಿ ಅಷ್ಟಾಗಿ ಉಳಿಯಲಿಲ್ಲ. ವಿಮಾನ ಇಳಿಯುವ ಹದ ಪೂರ್ತಿ ತಪ್ಪಿದ್ದರೂ ಕ್ಯಾಪ್ಟನ್ ಇಳಿಸುವ ಪ್ರಯತ್ನ ಕೈಬಿಡಲಿಲ್ಲ ಎಂಬುದು ಅದು ಹೇಳಿದ ನೇರ ಕಾರಣ. ಪಕ್ಕದಲ್ಲಿದ್ದ ಕಿರಿಯ ಪೈಲಟ್ 'ಗೋ ಅರೌಂಡ್', ಅಂದರೆ ಇಳಿಸದೆ ಮತ್ತೆ ಮೇಲೇರಿ, ಎಂದು ಮೂರು ಸಲ ಹೇಳಿದ್ದರು. ನೆಲ ಹತ್ತಿರವಾಗುತ್ತಿದೆ ಎಂದು ಯಂತ್ರವೂ ಮತ್ತೆ ಮತ್ತೆ ಎಚ್ಚರಿಸಿತ್ತು.

ಆ ಕೊನೆಯ ನಿಮಿಷಗಳನ್ನು ಹತ್ತಿರದಿಂದ ನೋಡಬೇಕು. ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಎರಡು ಗಂಟೆ ಐದು ನಿಮಿಷದ ದಾಖಲೆ ಸಿಕ್ಕಿತು. ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಮಾತೇ ಇಲ್ಲ, ನಡುನಡುವೆ ಗೊರಕೆ ಕೇಳುತ್ತದೆ. ಮಂಗಳೂರಿನ ರಾಡಾರ್ ಆಗ ಕೆಟ್ಟಿದ್ದರಿಂದ ವಿಮಾನ ಕೆಳಗಿಳಿಯಲು ಶುರುಮಾಡಿದ್ದೇ ತಡವಾಗಿ. ನಿದ್ದೆಯ ಮಂಪರಿನಲ್ಲಿದ್ದ ಕ್ಯಾಪ್ಟನ್ ಎಚ್ಚೆತ್ತು ನೋಡುವಾಗ ಇರಬೇಕಾದ ಎತ್ತರದ ಸುಮಾರು ಎರಡು ಪಟ್ಟು ಎತ್ತರದಲ್ಲಿದ್ದರು. ಅದನ್ನು ಸರಿದೂಗಿಸಲು ನಿಮಿಷಕ್ಕೆ 4,000 ಅಡಿಯ ಹತ್ತಿರದ ವೇಗದಲ್ಲಿ ಕೆಳಗಿಳಿಸಿದರು. ಸುರಕ್ಷಿತ ಇಳಿತಕ್ಕೆ ಸಾಮಾನ್ಯ ಮಿತಿ ನಿಮಿಷಕ್ಕೆ 1,000 ಅಡಿ. ಚಕ್ರ ನೆಲ ಮುಟ್ಟಿದ್ದು ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ. ಆಗಲೂ ಕಿರಿಯ ಪೈಲಟ್ ರನ್‌ವೇ ಉಳಿದಿಲ್ಲ ಎಂದು ಹೇಳುತ್ತಲೇ ಇದ್ದರು. ಮಂಗಳೂರಿಗೆ 66 ಸಲ ಹಾರಿ ಬಂದಿದ್ದವರು ಅವರು. ಆ ನೆಲದ ಪರಿಚಯ ಕ್ಯಾಪ್ಟನ್‌ಗಿಂತ ಅವರಿಗೇ ಹೆಚ್ಚಿತ್ತು.

ಹಾಗಿದ್ದರೂ ಅವರು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ ಏಕೆ? ಇಳಿತವನ್ನು ರದ್ದುಮಾಡುವ ಅಧಿಕಾರ ಸಹಪೈಲಟ್‌ಗೆ ಯಾವಾಗ ಬರುತ್ತದೆ ಎಂಬ ಬಗ್ಗೆ ಇದ್ದ ಸೂಚನೆಗಳು ಸ್ಪಷ್ಟವಾಗಿರಲಿಲ್ಲ, ಬಹುಶಃ ಅದರಿಂದಲೇ ಅವರು ಹೇಳುವಷ್ಟಕ್ಕೆ ನಿಂತರು ಎಂದು ವರದಿ ಹೇಳುತ್ತದೆ. ಈ ಒಂದು ಮಾತಿಗಾಗಿ ಆ ವರದಿಯನ್ನು ವಿಮಾನಕ್ಕೂ ತಮಗೂ ಸಂಬಂಧವಿಲ್ಲದ ಪ್ರತಿಯೊಬ್ಬ ಮ್ಯಾನೇಜರ್, ಪ್ರತಿಯೊಬ್ಬ ವಿಭಾಗ ಮುಖ್ಯಸ್ಥ ಓದಬೇಕು. ಗೊತ್ತಿದ್ದವನು ಇದ್ದ. ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ. ಹೇಳಿದ ಮೇಲೆ ಏನು ಮಾಡಬಹುದು ಎಂಬುದನ್ನು ಯಾರೂ ಅವನಿಗೆ ಖಚಿತವಾಗಿ ಕೊಟ್ಟಿರಲಿಲ್ಲ.

ಹತ್ತು ವರ್ಷ ಕಳೆಯಿತು. 2020ರ ಆಗಸ್ಟ್ 7ರ ರಾತ್ರಿ, ಸುರಿಯುವ ಮಳೆಯಲ್ಲಿ, ಅದೇ ಸಂಸ್ಥೆಯ ಇನ್ನೊಂದು ವಿಮಾನ ಕೋಯಿಕ್ಕೋಡ್‌ನಲ್ಲಿ, ಅದೂ ಅಂಥದೇ ಟೇಬಲ್‌ಟಾಪ್ ರನ್‌ವೇಯಲ್ಲಿ, ಅರ್ಧ ದಾರಿ ಕಳೆದ ಮೇಲೆ ನೆಲ ಮುಟ್ಟಿತು. ಸತ್ತವರು 21 ಮಂದಿ. ವಿಮಾನ ಅಪಘಾತ ತನಿಖಾ ಬ್ಯೂರೋದ ವರದಿಯನ್ನು ಬಜ್ಪೆ ವರದಿಯ ಪಕ್ಕದಲ್ಲಿಟ್ಟು ಓದಿದರೆ ಎದೆ ನಡುಗುತ್ತದೆ. ಸಹಪೈಲಟ್ ಗೋ ಅರೌಂಡ್ ಎಂದರು, ಕ್ಯಾಪ್ಟನ್ ಮುಂದುವರಿಸಿದರು, ಸಹಪೈಲಟ್ ನಿಯಂತ್ರಣ ತೆಗೆದುಕೊಳ್ಳಲಿಲ್ಲ. ಕಾಕ್‌ಪಿಟ್‌ನಲ್ಲಿ ಹಿರಿಯ-ಕಿರಿಯರ ನಡುವಿನ ಅಧಿಕಾರದ ಇಳಿಜಾರು ತೀರ ಕಡಿದಾಗಿತ್ತು ಎಂದೇ ವರದಿ ಬರೆಯಿತು. ಮರುದಿನ ಬೆಳಿಗ್ಗೆ ಅದೇ ಕ್ಯಾಪ್ಟನ್ ಇನ್ನೊಂದು ವಿಮಾನ ಹಾರಿಸಬೇಕಿತ್ತು. ಆ ಊರಿನಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳಿರಲಿಲ್ಲ. ಹೇಗಾದರೂ ಅಲ್ಲೇ ಇಳಿಯಬೇಕೆಂಬ ಒತ್ತಡ ಅವರ ನಿರ್ಧಾರವನ್ನು ಎಳೆಯಿತು ಎಂದೂ, ಅದರ ಹಿಂದೆ ಸಂಸ್ಥೆಯ ಸಿಬ್ಬಂದಿ ನೀತಿಯ ದೋಷವಿತ್ತು ಎಂದೂ ತನಿಖೆ ಗುರುತಿಸಿತು. 158 ಜನ ಸತ್ತು ಕಲಿಸಿದ ಪಾಠ ಹತ್ತು ವರ್ಷದಲ್ಲಿ, ಅಲ್ಲಿಂದ ಕೆಲವೇ ಗಂಟೆಗಳ ರೈಲು ದಾರಿಯಷ್ಟು ದೂರದಲ್ಲಿ, ಕೆಲಸಕ್ಕೆ ಬರಲಿಲ್ಲ.

ಇದು ಎರಡು ಕಾಕ್‌ಪಿಟ್‌ಗಳ ದುರದೃಷ್ಟವಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1978ರಿಂದ 1990ರವರೆಗಿನ, ಸಿಬ್ಬಂದಿಯ ತಪ್ಪು ಸೇರಿದ್ದ 37 ದೊಡ್ಡ ಅಪಘಾತಗಳನ್ನು 1994ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಶೇ. 80ಕ್ಕಿಂತ ಹೆಚ್ಚಿನವುಗಳಲ್ಲಿ ವಿಮಾನ ನಡೆಸುತ್ತಿದ್ದದ್ದು ಕ್ಯಾಪ್ಟನ್. ಸಾಮಾನ್ಯವಾಗಿ ಇಬ್ಬರೂ ಸರದಿಯ ಮೇಲೆ ನಡೆಸುತ್ತಾರೆ. ಹಿರಿಯರ ಕೈಯಲ್ಲಿದ್ದಾಗ ಅಪಾಯ ಕಡಿಮೆಯಾಗಬೇಕು ಎಂದು ನಾವೆಲ್ಲ ಊಹಿಸುತ್ತೇವೆ, ಆದದ್ದು ತಿರುವುಮುರುವು. ಕಿರಿಯ ನಡೆಸುವಾಗ ತಪ್ಪಿದರೆ ಹಿರಿಯ ಒಂದೇ ಕ್ಷಣದಲ್ಲಿ ತಿದ್ದುತ್ತಾನೆ. ಹಿರಿಯ ತಪ್ಪಿದರೆ ಕಿರಿಯ ಮೊದಲು ಅನುಮಾನಪಡುತ್ತಾನೆ, ಆಮೇಲೆ ಕೆಮ್ಮುತ್ತಾನೆ, ಆಮೇಲೆ "ಸರ್, ಸ್ವಲ್ಪ ನೋಡ್ತೀರಾ" ಎನ್ನುತ್ತಾನೆ. ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. 37ರಲ್ಲಿ 31 ಅಪಘಾತಗಳಲ್ಲಿ ಒಬ್ಬರು ಇನ್ನೊಬ್ಬರ ಕೆಲಸವನ್ನು ಗಮನಿಸಿ ಪ್ರಶ್ನಿಸುವಲ್ಲಿ ಸೋತಿದ್ದರು. ಮಾಹಿತಿ ಸಿಕ್ಕ ಪ್ರಕರಣಗಳಲ್ಲಿ ಶೇ. 73ರಷ್ಟು ನಡೆದದ್ದು ಆ ಇಬ್ಬರು ಒಟ್ಟಿಗೆ ಹಾರಿದ ಮೊದಲ ದಿನವೇ. ಪರಸ್ಪರ ಪರಿಚಯವಿಲ್ಲದ ತಂಡದಲ್ಲಿ ಎದುರು ಮಾತಾಡುವ ಧೈರ್ಯ ಇನ್ನೂ ಕಡಿಮೆ.

ಕಾಕ್‌ಪಿಟ್‌ನಲ್ಲಿ ಧ್ವನಿಮುದ್ರಿಕೆ ಇರುವುದರಿಂದ ನಮಗೆ ಇದು ಗೊತ್ತಾಯಿತು. ನಮ್ಮ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಬಾಯ್ಲರ್ ಪಕ್ಕದಲ್ಲಿ ಮುದ್ರಿಕೆ ಇಲ್ಲ. ಅಲ್ಲಿ ಯಾರು ಯಾರಿಗೆ ಏನು ಹೇಳಬೇಕೆಂದು ಹೊರಟು ಹೇಳದೆ ಸುಮ್ಮನಾದರು ಎಂಬುದು ಅವರೊಂದಿಗೇ ಮುಗಿಯುತ್ತದೆ. "ದೊಡ್ಡೋರಿಗೆ ಗೊತ್ತಿರಲ್ವಾ", "ಎದುರು ಮಾತಾಡ್ತಾನೆ ಅಂತ ಹೆಸರು ಬರುತ್ತೆ", "ನಮಗ್ಯಾಕೆ ಊರ ಉಸಾಬರಿ, ಅಪ್ರೈಸಲ್ ಹತ್ರ ಬಂತು" ಎಂಬ ಮಾತುಗಳನ್ನು ಕೇಳದ ಕಚೇರಿ ಇಲ್ಲ. ಇವು ಸೋಮಾರಿಗಳ ಮಾತಲ್ಲ. ಬಾಡಿಗೆ, ಕಂತು, ಮಕ್ಕಳ ಫೀಸು ಇರುವವರು ಲೆಕ್ಕ ಹಾಕಿ ಆಡುವ ಮಾತು. ಹೇಳಿದರೆ ನಷ್ಟ ತನಗೆ, ಇವತ್ತೇ. ಹೇಳದಿದ್ದರೆ ನಷ್ಟ ಯಾರಿಗೋ, ಯಾವತ್ತೋ. ಈ ಲೆಕ್ಕ ಹಾಗೇ ಇರುವ ತನಕ ಧೈರ್ಯದ ಬಗ್ಗೆ ಎಷ್ಟು ತರಬೇತಿ ಕೊಟ್ಟರೂ ಪ್ರಯೋಜನವಿಲ್ಲ.

ಮುಖ್ಯಸ್ಥನ ನಡೆ ತಂಡದ ಕೈಯನ್ನು ಎಷ್ಟು ಕಟ್ಟುತ್ತದೆ ಎಂಬುದಕ್ಕೆ ಇಸ್ರೇಲಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ಸಾಕ್ಷಿ. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳಿಗೆ, ಕರುಳು ಕೊಳೆಯುವ ಕಾಯಿಲೆಯಿಂದ ಹಠಾತ್ತನೆ ಹದಗೆಡುವ ಮಗುವಿನ ನಕಲು ಪ್ರಕರಣವನ್ನು ಕೊಟ್ಟರು. ಕೆಲವು ತಂಡಗಳಿಗೆ ಹೊರದೇಶದ ತಜ್ಞನೊಬ್ಬ, ಇಲ್ಲಿನ ವೈದ್ಯಕೀಯದ ಗುಣಮಟ್ಟ ತನಗೆ ಹಿಡಿಸಲಿಲ್ಲ, ಇಂಥವರು ತನ್ನ ವಿಭಾಗದಲ್ಲಿ ಒಂದು ವಾರವೂ ಬಾಳಲಾರರು ಎಂಬರ್ಥದ ಮಾತಾಡಿದ. ಉಳಿದ ತಂಡಗಳಿಗೆ ಸಾಮಾನ್ಯ ಮಾತು. ಅವಮಾನದ ಮಾತು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಕೆಲಸದಲ್ಲೂ ಹಿಂದೆ ಬಿದ್ದವು. ಅವರು ಪರಸ್ಪರ ಮಾಹಿತಿ ಹಂಚಿಕೊಳ್ಳುವುದನ್ನೂ ಸಹಾಯ ಕೇಳುವುದನ್ನೂ ಕಡಿಮೆ ಮಾಡಿದ್ದರು. ಅವನು ಅವರ ಬಾಸ್ ಕೂಡ ಅಲ್ಲ. ಬೈದದ್ದೂ ಸಣ್ಣದೇ. ಪ್ರತಿದಿನ ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರೆದುರು ಒಬ್ಬರನ್ನು ಹಿಡಿದು ನೀರಿಳಿಸುವ ಮುಖ್ಯಸ್ಥರ ಕೈಕೆಳಗೆ ಏನಾಗುತ್ತಿರಬಹುದು ಎಂದು ಯೋಚಿಸಿದರೆ ಭಯವಾಗುತ್ತದೆ. ಬೈಗುಳದಿಂದ ಕೆಲಸ ಬೇಗ ಆಗುತ್ತದೆ ಎಂದು ನಂಬಿದವರು ಈ ಪ್ರಯೋಗವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಇನ್ನೊಂದು ಅಧ್ಯಯನ ಇದಕ್ಕಿಂತ ಹಳೆಯದು, ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು. 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ಎಂಟು ಘಟಕಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಎಣಿಸಿದರು. ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇರುವ ಕಡೆ ತಪ್ಪು ಕಡಿಮೆ ಇರಬೇಕೆಂಬುದು ಅವರ ಊಹೆ. ಲೆಕ್ಕ ಬಂದಾಗ ಅಂಥ ಘಟಕಗಳಲ್ಲೇ ತಪ್ಪಿನ ದಾಖಲೆ ಹೆಚ್ಚು. ಅಲ್ಲಿನ ನರ್ಸುಗಳು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ, ಮಾಡಿದ್ದನ್ನು ಹೇಳುತ್ತಿದ್ದರು. ಗದರಿಕೆಯ ಘಟಕಗಳಲ್ಲಿ ತಪ್ಪು ಕಾಗದದ ಮೇಲೆ ಬರುತ್ತಲೇ ಇರಲಿಲ್ಲ. ಅಂದರೆ ಮೇಲಿನವರ ಮೇಜಿಗೆ ಹೋಗುವ ಅಂಕಿಅಂಶ ಯಾವ ತಂಡವನ್ನು ಅತ್ಯುತ್ತಮ ಎಂದು ತೋರಿಸುತ್ತದೋ ಅಲ್ಲೇ ಅಪಾಯ ಹುದುಗಿರಬಹುದು.

ಮುಂದಿನ ವರ್ಷಗಳ ಬಗ್ಗೆ ನನಗಿರುವ ಆತಂಕ ಶುರುವಾಗುವುದು ಇಲ್ಲಿಂದ.

2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಅದೇ ವರ್ಷದ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ವಿಮಾನಗಳು ಬರುತ್ತವೆ, ಅವುಗಳಿಗೆ ಸಾವಿರಾರು ಹೊಸ ಪೈಲಟ್‌ಗಳು ಬೇಕು. ಹೊಸ ಕ್ಯಾಪ್ಟನ್ ಪಕ್ಕದಲ್ಲಿ ಹೊಸ ಸಹಪೈಲಟ್, ಇಬ್ಬರಿಗೂ ಅದು ಒಟ್ಟಿಗೆ ಮೊದಲ ದಿನ. ಅಮೆರಿಕದ ಆ 37 ಅಪಘಾತಗಳ ಪಟ್ಟಿ ನೆನಪಿಸಿಕೊಳ್ಳಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ, ರಾತ್ರಿ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ತಂದಿತು. ಪೂರ್ತಿ ಜಾರಿಯಾಗುವ ಹೊತ್ತಿಗೆ 2025 ಮುಗಿಯುತ್ತಾ ಬಂತು. ಆ ಡಿಸೆಂಬರ್‌ನಲ್ಲಿ ಸಿಬ್ಬಂದಿ ಸಾಲದೆ ಇಂಡಿಗೋದ ಸಾವಿರಾರು ಹಾರಾಟ ರದ್ದಾದಾಗ ಕೆಲವು ನಿಬಂಧನೆಗಳನ್ನು ತಾತ್ಕಾಲಿಕವಾಗಿ ಸಡಿಲಿಸಿದರು. ಕೋಯಿಕ್ಕೋಡ್ ವರದಿಯಲ್ಲಿ ಬರೆದಿದ್ದ, ಸಾಕಷ್ಟು ಜನರಿಲ್ಲದೆ ವೇಳಾಪಟ್ಟಿ ಹಾಕುವ ರೋಗ ವಾಸಿಯಾಗಿಲ್ಲ.

ನೆಲದ ಮೇಲೆ ಸ್ಥಿತಿ ಬೇರೆಯಲ್ಲ. ಕರ್ನಾಟಕ ವಿಧಾನಸಭೆ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಟ್ಟಿತು. ಮರುವರ್ಷ ಐಟಿ ವಲಯದಲ್ಲಿ 14 ಗಂಟೆಯ ದಿನದ ಪ್ರಸ್ತಾಪ ಬಂದು, ನೌಕರರ ಸಂಘಟನೆಗಳು ಬೀದಿಗಿಳಿದವು. ದೀರ್ಘ ದುಡಿಮೆ ದೇಹಕ್ಕೆ ಏನು ಮಾಡುತ್ತದೆ ಎಂಬುದು ಚರ್ಚೆಯ ವಿಷಯವಾಗಿ ಉಳಿದಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದವು. 2016 ಒಂದೇ ವರ್ಷದಲ್ಲಿ ಹೀಗೆ ಸತ್ತವರು ಜಗತ್ತಿನಲ್ಲಿ ಸುಮಾರು 7,45,000.

ಆಯಾಸ ನಾಯಕತ್ವವನ್ನೂ ತಿನ್ನುತ್ತದೆ ಎಂಬುದು ಇಷ್ಟು ಚರ್ಚೆಗೆ ಬಂದಿಲ್ಲ. 88 ಮುಖ್ಯಸ್ಥರನ್ನೂ ಅವರ ತಂಡಗಳನ್ನೂ ಎರಡು ವಾರ ಹಿಂಬಾಲಿಸಿದ 2015ರ ಅಧ್ಯಯನದಲ್ಲಿ, ಮುಖ್ಯಸ್ಥರ ನಿದ್ದೆ ಸರಿಯಾಗದ ಮರುದಿನ ಅವರ ಗದರಾಟ ಹೆಚ್ಚಿತು, ತಂಡ ಕೆಲಸದಲ್ಲಿ ಮನಸ್ಸಿಡುವುದು ಕುಗ್ಗಿತು. ಹದಿನೇಳರಿಂದ ಹತ್ತೊಂಬತ್ತು ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದು ಇನ್ನೊಂದು ಪರೀಕ್ಷೆಯಲ್ಲಿ ಕಂಡಿದೆ. ಹೀಗೆ ಆಯಾಸಗೊಂಡ ಮುಖ್ಯಸ್ಥ ಹೆಚ್ಚು ತಪ್ಪುತ್ತಾನೆ, ತಪ್ಪನ್ನು ತೋರಿಸಿದವನ ಮೇಲೆ ಹೆಚ್ಚು ಸಿಡುಕುತ್ತಾನೆ. ಎರಡೂ ಒಂದೇ ಹೊತ್ತಿಗೆ. ಕೆಲಸದ ಗಂಟೆ ಹೆಚ್ಚಿಸುವವರು ಉತ್ಪಾದನೆಯ ಲೆಕ್ಕ ಮಾತ್ರ ಹಾಕುತ್ತಿದ್ದಾರೆ, ಈ ಲೆಕ್ಕ ಎಲ್ಲೂ ಇಲ್ಲ.

ಇದರ ಮೇಲೆ ಗುತ್ತಿಗೆ. ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ಹತ್ತು ಕಾರ್ಮಿಕರಲ್ಲಿ ಸುಮಾರು ನಾಲ್ವರು ಗುತ್ತಿಗೆಯವರು. ಟ್ಯಾಂಕ್ ಒಳಗೆ ಇಳಿಯುವವರು, ವಾಲ್ವ್ ಬಿಚ್ಚುವವರು, ಎತ್ತರಕ್ಕೆ ಏರುವವರು ಬಹುಪಾಲು ಇವರೇ. ಸೋರಿಕೆಯ ವಾಸನೆ ಮೊದಲು ಮೂಗಿಗೆ ಬಡಿಯುವುದು ಇವರಿಗೆ. ಹೇಳಿದರೆ ನಾಳೆ ಬರಬೇಡ ಎನಿಸಿಕೊಳ್ಳುವವರೂ ಇವರೇ. ಮಂಗಳೂರು, ಬಳ್ಳಾರಿ, ಪೀಣ್ಯಗಳ ಕೈಗಾರಿಕಾ ಪ್ರದೇಶಗಳಲ್ಲಿ ಮುಂದೊಂದು ದಿನ ದೊಡ್ಡ ಅನಾಹುತವಾದರೆ, ಅದು ಬರುತ್ತದೆಂದು ತಿಳಿದಿದ್ದ ಗುತ್ತಿಗೆ ಕಾರ್ಮಿಕನೊಬ್ಬ ಅಲ್ಲಿ ಇದ್ದೇ ಇರುತ್ತಾನೆ ಎಂದು ನಾನು ಬರೆದಿಡಬಲ್ಲೆ. ಅವನ ಮಾತು ಮೇಸ್ತ್ರಿಯನ್ನು ದಾಟಿ ಮೇಲೆ ಹೋಗಿರುವುದಿಲ್ಲ.

ಪರಿಹಾರ ಇಲ್ಲವೆಂದಲ್ಲ. ಚೆನ್ನಾಗಿ ಪರೀಕ್ಷೆಯಾದ ಪರಿಹಾರಗಳಿವೆ, ಅವು ಎಲ್ಲಿ ಸೋಲುತ್ತವೆ ಎಂಬುದೂ ತಿಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಪರಿಶೀಲನಾ ಪಟ್ಟಿಯನ್ನು ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು ಎಂದು 2009ರಲ್ಲಿ ಪ್ರಕಟವಾಯಿತು. ಆ ಪಟ್ಟಿಯಲ್ಲಿ ಪುಟ್ಟ ವಿಧಿಯೊಂದಿದೆ. ಕತ್ತರಿ ಇಡುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. ಕಿರಿಯ ನರ್ಸ್ ಸರ್ಜನ್ ಎದುರು ಒಮ್ಮೆ ಬಾಯಿ ತೆರೆದರೆ, ಅರ್ಧ ಗಂಟೆಯ ನಂತರ ಹತ್ತಿ ಬಟ್ಟೆಯ ಎಣಿಕೆ ತಪ್ಪಿದಾಗ ಎರಡನೆಯ ಸಲ ಬಾಯಿ ತೆರೆಯುವುದು ಅಷ್ಟು ಕಷ್ಟವಾಗುವುದಿಲ್ಲ. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯ ಅಂಥದೇ ಪಟ್ಟಿಯನ್ನು ಕಡ್ಡಾಯ ಮಾಡಿದಾಗ 101 ಆಸ್ಪತ್ರೆಗಳಲ್ಲಿ ಸಾವಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ ಎಂಬ ಫಲಿತಾಂಶ 2014ರಲ್ಲಿ ಬಂತು. ಪಟ್ಟಿಗೆ ಟಿಕ್ ಹಾಕುವುದು ಬೇರೆ, ಸರ್ಜನ್ ನಿಂತು ಕೇಳುವುದು ಬೇರೆ. ಆದೇಶದಿಂದ ಮೊದಲನೆಯದು ಮಾತ್ರ ಬರುತ್ತದೆ ಎಂದೇ ನಾನು ಈ ಫಲಿತಾಂಶವನ್ನು ಓದುತ್ತೇನೆ.

ಎರಡನೆಯದು ಬಂದ ಕಡೆಯೂ ಇದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಕಳಪೆ ಕಾರುಗಳಿಗೂ ಗೈರುಹಾಜರಿಗೂ ಕುಖ್ಯಾತವಾಗಿ ಮುಚ್ಚಿತ್ತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನು ಮತ್ತೆ ತೆರೆದಾಗ ಬಹುಪಾಲು ಹಳೆಯ ಕಾರ್ಮಿಕರನ್ನೇ ತೆಗೆದುಕೊಂಡರು. ಕೆಲವೇ ವರ್ಷದಲ್ಲಿ ಅಲ್ಲಿಂದ ಹೊರಬಂದ ಕಾರುಗಳು ಗುಣಮಟ್ಟದಲ್ಲಿ ದೇಶದ ಮುಂಚೂಣಿಗೆ ಬಂದವು. ಬದಲಾದದ್ದು ಲೈನಿನ ಮೇಲೆ ತೂಗುಹಾಕಿದ ಹಗ್ಗ ಮತ್ತು ಅದನ್ನು ಎಳೆದಾಗ ಸಿಗುವ ಉತ್ತರ. ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆಯಬಹುದು. ತಂಡದ ಮುಖ್ಯಸ್ಥ ಓಡಿ ಬಂದು ಮೊದಲು ಕೇಳಬೇಕಾದದ್ದು ಏನು ಸಮಸ್ಯೆ ಎಂದು, ಏಕೆ ನಿಲ್ಲಿಸಿದೆ ಎಂದಲ್ಲ. ಆಗಲೇ ಸರಿಹೋದರೆ ಲೈನ್ ನಿಲ್ಲುವುದೂ ಇಲ್ಲ. ಹಳೆಯ ವ್ಯವಸ್ಥೆಯಲ್ಲಿ ಲೈನ್ ನಿಲ್ಲಿಸುವುದು ಅಪರಾಧವಾಗಿತ್ತು.

ಎಲ್ಲರೂ ಮಾತಾಡುತ್ತ ಕೂತರೆ ಕೆಲಸ ಯಾವಾಗ ಎಂಬ ಆಕ್ಷೇಪ ನ್ಯಾಯವಾದದ್ದೇ. ಬೆಂಕಿ ಬಿದ್ದಾಗ ಸಭೆ ಕರೆಯಲಾಗದು, ಒಬ್ಬರ ಆಜ್ಞೆ ನಡೆಯಬೇಕು. ಅದಕ್ಕಾಗಿಯೇ ಯಾವ ಸ್ಥಿತಿಯಲ್ಲಿ ಕಿರಿಯನ ಮಾತೇ ಆಜ್ಞೆಯಾಗುತ್ತದೆ ಎಂಬುದನ್ನು ಬೆಂಕಿ ಬೀಳುವ ಮೊದಲೇ ಬರೆದಿಡಬೇಕು. ಇಳಿತ ಹದ ತಪ್ಪಿದೆ ಎಂದು ಎರಡು ಸಲ ಹೇಳಿ ಉತ್ತರ ಬರದಿದ್ದರೆ ಮೂರನೆಯ ಸಲ ನಿಯಂತ್ರಣ ಕೈಗೆ ತೆಗೆದುಕೊಳ್ಳಬೇಕು, ಹಾಗೆ ಮಾಡಿದವನ ಮೇಲೆ, ಅವನ ಅಂದಾಜು ತಪ್ಪಾಗಿದ್ದರೂ, ಯಾವ ಕ್ರಮವೂ ಇಲ್ಲ. ಇಷ್ಟು ನಿಖರವಾಗಿ ಇರಬೇಕು. ಆಸ್ಪತ್ರೆಗೆ, ಬಾಯ್ಲರ್ ಮನೆಗೆ, ಬ್ಯಾಂಕಿನ ಸರ್ವರ್ ಕೋಣೆಗೆ ಇಂಥ ಒಂದೊಂದು ಸಾಲು ಬೇಕು. ನಿಲ್ಲಿಸುವ ಹಕ್ಕು ಗುತ್ತಿಗೆಯವರಿಗೂ ಇದೆ ಎಂದು ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ, ಒಡಿಯಾದಲ್ಲಿ, ಅಲ್ಲಿ ದುಡಿಯುವವರು ಓದುವ ಭಾಷೆಯಲ್ಲಿ ಗೋಡೆಗೆ ಬರೆಯಬೇಕು.

ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ತಪಾಸಣೆಯಲ್ಲಿ, ಆಸ್ಪತ್ರೆಗಳ ಮಾನ್ಯತೆಯ ಪರಿಶೀಲನೆಯಲ್ಲಿ, ಕಂಪನಿಗಳ ನಿರ್ದೇಶಕ ಮಂಡಳಿಯ ಸಭೆಯಲ್ಲಿ ಒಂದು ಅಂಕಿ ಕೇಳಲು ಇವತ್ತೇ ಶುರುಮಾಡಬಹುದು, ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಕಳೆದ ಆರು ತಿಂಗಳಲ್ಲಿ ಕೆಳಗಿನ ಹಂತದವರು ಎಷ್ಟು ಸಲ ಕೆಲಸ ನಿಲ್ಲಿಸಿದರು ಅಥವಾ ನಿಲ್ಲಿಸಲು ಹೇಳಿದರು, ಹಾಗೆ ಹೇಳಿದವರು ಈಗ ಎಲ್ಲಿದ್ದಾರೆ? ಸೊನ್ನೆ ಎಂಬ ಉತ್ತರ ಬಂದ ಘಟಕಕ್ಕೆ ಪ್ರಶಸ್ತಿ ಫಲಕ ಕೊಡುವುದನ್ನು ನಿಲ್ಲಿಸಿ, ತಪಾಸಣೆಯನ್ನು ಅಲ್ಲಿಂದಲೇ ಆರಂಭಿಸಬೇಕು. ರಾತ್ರಿ ಪಾಳಿಯವರನ್ನು ಸೂಪರ್‌ವೈಸರ್ ಇಲ್ಲದ ಕಡೆ ಕೂರಿಸಿ ಮಾತಾಡಿಸಬೇಕು.